ಗೋಡೆಗೆ ಚುಚ್ಚಿದ ಚಿತ್ರ: ರೆಟ್ರೋ ಫೋಟೋಶೂಟ್, ಭಂಗಿ ಮತ್ತು ಒಪ್ಪಿಗೆ

ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಸಾರಾಂಶ: ಹಳೆಯ ಕಾಲದ ಶೈಲಿಯಲ್ಲಿ ಉಡುಗೆ, ಕೇಶವಿನ್ಯಾಸ, ಭಂಗಿಗಳನ್ನು ಮರುಸೃಷ್ಟಿಸಿ ಫೋಟೋ ತೆಗೆಸಿಕೊಳ್ಳುವ ಅಭ್ಯಾಸ ಈಚೆಗೆ ಸಣ್ಣ ಊರುಗಳಿಗೂ ಬಂದಿದೆ. ಪಾಶ್ಚಾತ್ಯ ಪಿನ್-ಅಪ್ ಪರಂಪರೆ, ನಮ್ಮ ಕ್ಯಾಲೆಂಡರ್ ಮತ್ತು ಸಿನಿಮಾ ಚಿತ್ರಗಳು, ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೋ ಕೃತಿಗಳು ಹಾಗೂ ಗಡಿಭಾಗದ ಒಂದು ಮನೆಯ ಅನುಭವ, ಈ ನಾಲ್ಕನ್ನು ಇಟ್ಟುಕೊಂಡು ಭಂಗಿಯನ್ನು ಆರಿಸುವವರು ಯಾರು, ಚಿತ್ರ ಯಾರ ಬಳಿ ಉಳಿಯುತ್ತದೆ, ಅದು ಎಲ್ಲಿ ತೂಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧ ಪರಿಶೀಲಿಸುತ್ತದೆ.

ಪ್ರಮುಖ ಪದಗಳು: ಪಿನ್-ಅಪ್, ರೆಟ್ರೋ, ಸ್ಟುಡಿಯೋ ಛಾಯಾಗ್ರಹಣ, ಭಂಗಿ, ಒಪ್ಪಿಗೆ, ಗಡಿನಾಡು

ಪೀಠಿಕೆ

ನನ್ನ ಧ್ವನಿ ಕೇಳ್ತಾ ಇದೆ ಅಂದ್ಕೊಳ್ತೀನಿ. ನಾನು ಮಾತಾಡ್ತಾ ಇರೋದು ಓಬಳಾಪುರದಿಂದ. ಇಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಮಧ್ಯೆ ಕಡಿದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಊರಿನ ಬಗ್ಗೆ ಒಂದು ಮಾತು ಹೇಳಿ ವಿಷಯಕ್ಕೆ ಬರ್ತೀನಿ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಕಾಗದದ ಮೇಲೆ ಗೆರೆ ಬಿತ್ತು, ಆದರೆ ನಮ್ಮ ಮನೆಯವರ ಸಂತೆ, ಸಿನಿಮಾ, ಮದುವೆ ಬಟ್ಟೆ, ಫೋಟೋ ಸ್ಟುಡಿಯೋ ಎಲ್ಲ ಬಳ್ಳಾರಿಯಲ್ಲೇ ಉಳೀತು. ಆದ್ದರಿಂದ ಇಲ್ಲಿ ನಾನು ಹೇಳುವ ಫೋಟೋಗಳು ಗೆರೆಯ ಎರಡೂ ಕಡೆಗೆ ಸೇರಿದವು.

ಈ ವಿಷಯ ಆರಿಸಿಕೊಂಡಾಗ ಒಬ್ಬ ಸಹಪಾಠಿ, "ಇದು ಸಂಶೋಧನೆಯ ವಿಷಯವಾ, ಇನ್‌ಸ್ಟಾಗ್ರಾಂ ವಿಷಯವಾ?" ಅಂತ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಕೊನೆಯಲ್ಲಿ ಬರುತ್ತೆ.

1. ಪಿನ್-ಅಪ್ ಎಂದರೇನು?

ಪದದ ಅರ್ಥ ಸರಳ. ಪತ್ರಿಕೆಯಿಂದಲೋ ಕ್ಯಾಲೆಂಡರಿನಿಂದಲೋ ಕತ್ತರಿಸಿ ಗೋಡೆಗೆ ಪಿನ್ನು ಚುಚ್ಚಿ ಅಂಟಿಸುವ ಚಿತ್ರವೇ ಪಿನ್-ಅಪ್. ಈ ಪದ ಇಂಗ್ಲಿಷಿನಲ್ಲಿ ನೆಲೆಯೂರಿದ್ದು 1940ರ ದಶಕದ ಆರಂಭದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ. ಅಮೆರಿಕದ ಸೈನಿಕರು ತಮ್ಮ ಪೆಟ್ಟಿಗೆ, ಡೇರೆ, ವಿಮಾನಗಳ ಮೇಲೆಲ್ಲ ಇಂಥ ಚಿತ್ರಗಳನ್ನು ಹಾಕಿಕೊಂಡರು. 1943ರಲ್ಲಿ ಫ್ರಾಂಕ್ ಪೊವೊಲ್ನಿ ತೆಗೆದ ನಟಿ ಬೆಟ್ಟಿ ಗ್ರೇಬಲ್ ಅವರ ಫೋಟೋ ಅವುಗಳಲ್ಲಿ ಅತ್ಯಂತ ಹೆಸರಾದದ್ದು. ಬಿಳಿ ಈಜುಡುಗೆ ತೊಟ್ಟು, ಬೆನ್ನು ನಮ್ಮ ಕಡೆಗಿಟ್ಟು, ಭುಜದ ಮೇಲಿಂದ ಹಿಂದಿರುಗಿ ನೋಡುವ ಭಂಗಿ. ಇವತ್ತು ರೆಟ್ರೋ ಶೂಟ್ ಅಂದ ಕೂಡಲೇ ಛಾಯಾಗ್ರಾಹಕರು ಮೊದಲು ಹೇಳಿಕೊಡೋದು ಇದನ್ನೇ.

ಫೋಟೋದ ಜೊತೆಗೆ ಚಿತ್ರಿಸಿದ ಪಿನ್-ಅಪ್‌ಗಳೂ ಇದ್ದವು. ಆಲ್ಬರ್ಟೊ ವಾರ್ಗಸ್, ಗಿಲ್ ಎಲ್ವ್‌ಗ್ರೆನ್ ಮುಂತಾದವರು ಪತ್ರಿಕೆಗಳಿಗೂ ಕ್ಯಾಲೆಂಡರ್ ಕಂಪನಿಗಳಿಗೂ ಬರೆದುಕೊಟ್ಟರು. ಎಲ್ವ್‌ಗ್ರೆನ್ ಮೊದಲು ರೂಪದರ್ಶಿಯನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು, ನಂತರ ಅದನ್ನು ನೋಡಿ ಚಿತ್ರ ಬರೆಯುತ್ತಿದ್ದರು. ಆ ಫೋಟೋ ಮತ್ತು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ, ಚಿತ್ರದಲ್ಲಿ ಕಾಲು ಉದ್ದ ಆಗಿದೆ, ಸೊಂಟ ಸಣ್ಣ ಆಗಿದೆ. ಅಂದರೆ ಪಿನ್-ಅಪ್ ಹುಡುಗಿಯ ಹಾಗೆ ಆ ರೂಪದರ್ಶಿಯೇ ಇರಲಿಲ್ಲ! ಈ ಅಂಶ ಗಮನಾರ್ಹ.

ಇನ್ನೊಂದು ಹೆಸರು ಜೋಯಿ ಮೊಜರ್ಟ್. ಪಿನ್-ಅಪ್ ಬರೆದ ಹೆಂಗಸರಲ್ಲಿ ಪ್ರಮುಖರು. ಆಕೆ ಅನೇಕ ಸಲ ಕನ್ನಡಿ ಇಟ್ಟುಕೊಂಡು ತನ್ನನ್ನೇ ರೂಪದರ್ಶಿ ಮಾಡಿಕೊಂಡು ಚಿತ್ರ ಬರೆದರು. ನಿಲ್ಲುವವಳೂ ಅವಳೇ, ನೋಡುವವಳೂ ಅವಳೇ. ಈ ಎಳೆಯನ್ನು ಮುಂದೆ ಪುಷ್ಪಮಾಲಾ ಅವರ ವಿಚಾರ ಬಂದಾಗ ಮತ್ತೆ ಹಿಡಿಯುತ್ತೇನೆ.

2. ನಮ್ಮ ಗೋಡೆಗಳು

ನಮ್ಮಲ್ಲಿ ಪಿನ್-ಅಪ್ ಇರಲಿಲ್ಲವೇ? ಹೆಸರು ಇರಲಿಲ್ಲ, ಗೋಡೆ ಇತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿಯರ ಬಣ್ಣದ ಪ್ರತಿಗಳು ಮನೆಮನೆಗೆ ಬಂದವು. ದೇವಿಯನ್ನೂ ನಾಯಕಿಯನ್ನೂ ಒಂದೇ ಗೋಡೆಗೆ ತಂದ ಕೆಲಸ ಅದು. ಆಮೇಲೆ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು ಹೆಸರು ಮಾಡಿದರು. ನಮ್ಮ ಕಡೆ ಕ್ಷೌರದಂಗಡಿ, ಸೋಡಾ ಅಂಗಡಿ, ಲಾರಿಯ ಒಳಗೋಡೆಗಳಲ್ಲಿ ಕ್ಯಾಲೆಂಡರ್ ದೇವತೆಯೂ ಸಿನಿಮಾ ಪತ್ರಿಕೆಯ ನಡುಪುಟದ ನಟಿಯೂ ಅಕ್ಕಪಕ್ಕದಲ್ಲೇ ಇರ್ತಿದ್ರು.

ಪಿನ್-ಅಪ್ ಎಂದೇ ಕರೆಸಿಕೊಂಡ ಭಾರತೀಯ ನಟಿ ಬೇಗಂ ಪಾರಾ. 1951ರಲ್ಲಿ ಲೈಫ್ ಪತ್ರಿಕೆಗಾಗಿ ಜೇಮ್ಸ್ ಬರ್ಕ್ ಅವರ ಫೋಟೋಗಳನ್ನು ತೆಗೆದರು. 1966ರಲ್ಲಿ ಶರ್ಮಿಳಾ ಟ್ಯಾಗೋರ್ ಬಿಕಿನಿ ತೊಟ್ಟು ಫಿಲ್ಮ್‌ಫೇರ್ ಮುಖಪುಟದಲ್ಲಿ ಬಂದದ್ದು ದೊಡ್ಡ ಸುದ್ದಿಯಾಯ್ತು.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಹೆಸರು ಜಯಂತಿ. ಬಳ್ಳಾರಿಯಲ್ಲಿ ಹುಟ್ಟಿದವರು. 1965ರ 'ಮಿಸ್ ಲೀಲಾವತಿ' ಚಿತ್ರದಲ್ಲಿ ಸ್ಕರ್ಟು, ಈಜುಡುಗೆ ತೊಟ್ಟರು, ಕನ್ನಡ ತೆರೆಯ ಮೇಲೆ ಹಾಗೆ ಬಂದ ಮೊದಲ ನಾಯಕಿ ಎಂದು ಅವರನ್ನು ಹೆಸರಿಸುವುದುಂಟು. ಆದರೆ ಅವರನ್ನು ಜನ ಬರೀ ಆ ಉಡುಗೆಯಿಂದ ನೆನಪಿಟ್ಟುಕೊಳ್ಳಲಿಲ್ಲ, 'ಅಭಿನಯ ಶಾರದೆ' ಅಂತ ಕರೆದರು. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯ ಹಿರಿಯ ಹೆಂಗಸರು ಮಾತಾಡಿದ್ದು ನಟನೆಯ ಬಗ್ಗೆ. ಒಂದೇ ವ್ಯಕ್ತಿ ಗೋಡೆಯ ಮೇಲಿನ ಚಿತ್ರವೂ ಆಗಬಹುದು, ಗೌರವದ ಕಲಾವಿದೆಯೂ ಆಗಬಹುದು ಅನ್ನೋದನ್ನ ನಮ್ಮ ಜನ ಸಿದ್ಧಾಂತ ಓದದೆಯೇ ಒಪ್ಪಿಕೊಂಡಿದ್ದಾರೆ. ಪರದೆಯ ಮೇಲಿನ ಹೆಣ್ಣಿಗೆ ಕೊಟ್ಟ ಈ ಸಡಿಲವನ್ನು ಮನೆಯ ಹೆಣ್ಣಿಗೆ ಕೊಡ್ತಾರಾ ಅನ್ನೋದು ಬೇರೆ ಪ್ರಶ್ನೆ.

3. ಭಂಗಿ ಒಂದು ಕೆಲಸ

ಕಳೆದ ವರ್ಷ ನಮ್ಮ ದೊಡ್ಡವ್ವನ ಮೊಮ್ಮಗಳು, ನನಗೆ ವರಸೆಯಲ್ಲಿ ಮಗಳಾದರೂ ವಯಸ್ಸಿನಲ್ಲಿ ತಂಗಿಯಂಥವಳು, ಒಂದು ರೆಟ್ರೋ ಶೂಟ್‌ಗೆ ಒಪ್ಪಿಕೊಂಡಳು. ಛಾಯಾಗ್ರಾಹಕರು ಹಣ ಕೇಳಲಿಲ್ಲ, ಕೊಡಲೂ ಇಲ್ಲ. ಅವಳಿಗೆ ಫೋಟೋಗಳು, ಅವರಿಗೆ ಪ್ರಚಾರ. ನಾನು ಸಹಾಯಕಿಯಾಗಿ ಹೋದೆ, ಟಿಪ್ಪಣಿ ಮಾಡಿಕೊಂಡೆ.

ಥೀಮು 1960ರ ದಶಕದ ಕನ್ನಡ ಸಿನಿಮಾ ನಾಯಕಿ. ಚುಕ್ಕಿ ಸೀರೆ, ತೋಳಿಲ್ಲದ ರವಿಕೆ, ಎತ್ತರಕ್ಕೆ ಉಬ್ಬಿಸಿದ ತುರುಬು, ಕಣ್ಣಂಚಿಗೆ ರೆಕ್ಕೆಯಂತೆ ಎಳೆದ ಕಾಡಿಗೆ. ಸಾಮಾನು ಅಂದರೆ ಒಂದು ಹಳೇ ಮರ್ಫಿ ರೇಡಿಯೋ, ಒಂದು ಕಬ್ಬಿಣದ ಟ್ರಂಕು. ತುರುಬಿಗೇ ಒಂದೂವರೆ ಗಂಟೆ ಹಿಡೀತು. ಕೂದಲನ್ನು ಬಾಚಣಿಗೆಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಗಂಟುಗಂಟು ಮಾಡಿ, ಅದರ ಮೇಲೆ ನಯವಾದ ಒಂದು ಪದರ ಹೊದಿಸ್ತಾರೆ. ಅಮೆರಿಕದ ಪಿನ್-ಅಪ್‌ನಲ್ಲಿ ಹಣೆಯ ಮೇಲೆ ಸುರುಳಿ ಸುತ್ತುವ ವಿನ್ಯಾಸ ಇರುತ್ತಲ್ಲ, ಅದರ ಬದಲಿಗೆ ನಮ್ಮಲ್ಲಿ ಈ ಉಬ್ಬು ತುರುಬು.

ಬೆಳಕಿನ ವಿಚಾರ. ಹಳೇ ಫೋಟೋಗಳಲ್ಲಿ ಮೂಗಿನ ಕೆಳಗೆ ಚಿಟ್ಟೆಯಾಕಾರದ ಸಣ್ಣ ನೆರಳು ಕಾಣುತ್ತೆ. ದೀಪವನ್ನು ಮುಖದ ಎದುರಿಗೆ, ಸ್ವಲ್ಪ ಎತ್ತರದಲ್ಲಿ ಇಟ್ಟರೆ ಅದು ಬರುತ್ತೆ. ಕೆನ್ನೆಯ ಮೂಳೆ ಎದ್ದು ಕಾಣುತ್ತೆ. ನಾವು ಮಾಳಿಗೆ ಮೇಲೆ ಬಿಸಿಲು ಏರುವ ಮೊದಲೇ ತೆಗೆದೆವು, ಕೆಳಗಿನಿಂದ ಬಿಳಿ ಪಂಚೆ ಹಿಡಿದು ಗಲ್ಲದ ಕೆಳಗಿನ ನೆರಳನ್ನು ತಗ್ಗಿಸಿದೆವು. ಪಂಚೆ ಹಿಡಿದವಳು ನಾನೇ.

ಇನ್ನು ಭಂಗಿ. ಮೈಭಾರ ಹಿಂದಿನ ಕಾಲಿನ ಮೇಲೆ, ಮುಂದಿನ ಮೊಣಕಾಲು ಸ್ವಲ್ಪ ಮಡಚಿ, ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ. ಇದು ನಮಗೆ ಹೊಸದಾ? ಬೇಲೂರಿನ ಮದನಿಕೆಯರು ನಿಂತಿರೋದು ಹೀಗೇ ಅಲ್ವಾ? ದರ್ಪಣಸುಂದರಿ ಕನ್ನಡಿ ಹಿಡಿದು ನಿಂತ ಭಂಗಿಯಲ್ಲಿ ಮೈ ಮೂರು ಕಡೆ ಬಾಗಿದೆ, ಅದನ್ನು ತ್ರಿಭಂಗಿ ಅಂತೀವಿ. ಹಿಂದೂಪುರದ ಹತ್ತಿರ ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲೂ ಹೆಂಗಸರ ಸೀರೆಯ ಅಂಚು, ತುರುಬು, ನಿಲುವು ಎಲ್ಲ ನೋಡುವವರಿಗಾಗಿ ಜೋಡಿಸಿದವೇ. ನೋಡಿಸಿಕೊಳ್ಳುವ ಭಂಗಿ ಪಶ್ಚಿಮದ ಆಮದು ಎನ್ನುವ ವಾದ ನಿಲ್ಲುವುದಿಲ್ಲ. ಹಾಗಂತ ಎಲ್ಲ ಒಂದೇ ಅಂತಲೂ ನಾನು ಹೇಳ್ತಿಲ್ಲ. ಕಲ್ಲಿನ ಮದನಿಕೆಗೆ ಬೆನ್ನು ನೋಯುವುದಿಲ್ಲ. ನಮ್ಮ ಹುಡುಗಿಗೆ ಇಪ್ಪತ್ತು ನಿಮಿಷಕ್ಕೇ ಸೊಂಟ ಹಿಡೀತು. "ನಗ್ತಾ ಇರು, ಆದರೆ ಹಲ್ಲು ಕಾಣಬಾರದು, ಉಸಿರು ಬಿಡು, ಹೊಟ್ಟೆ ಬಿಡಬೇಡ" ಅಂತ ಒಂದೇ ಸಲಕ್ಕೆ ನಾಲ್ಕು ಸೂಚನೆ. ಸಹಜವಾಗಿ ಕಾಣುವ ಆ ನಗು ಒಂದು ದುಡಿಮೆ ಅನ್ನೋದು ಆವತ್ತು ಅರ್ಥ ಆಯ್ತು.

ಫೋಟೋಗಳು ಬಂದಾಗ ಇನ್ನೊಂದು ಸಂಗತಿ. ಅವಳ ಮೈಬಣ್ಣ ಎರಡು ಪಟ್ಟು ಬೆಳ್ಳಗಾಗಿತ್ತು. ಹಿಂದೆ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದಿ ಮುಖವನ್ನು ನಯ ಮಾಡ್ತಿದ್ದರು, ಕಪ್ಪುಬಿಳುಪು ಪ್ರತಿಯ ಮೇಲೆ ಕೈಯಿಂದ ಬಣ್ಣ ಹಚ್ಚಿ ಕೆನ್ನೆ ಕೆಂಪು ಮಾಡ್ತಿದ್ದರು. ಈಗ ಅದೇ ಕೆಲಸವನ್ನು ಸಾಫ್ಟ್‌ವೇರಿನ ಒಂದು ಗುಂಡಿ ಮಾಡುತ್ತೆ. ಅವಳು ನೋಡಿ, "ಇದು ನಾನಲ್ಲ, ನಮ್ಮ ಮನೇಲಿ ಯಾರೂ ಈ ಬಣ್ಣ ಇಲ್ಲ" ಅಂದಳು. ಎಲ್ವ್‌ಗ್ರೆನ್ ಉದ್ದ ಮಾಡಿದ ಕಾಲು ನೆನಪಾಯ್ತು ನನಗೆ.

4. ಪುಷ್ಪಮಾಲಾ ಎನ್.: ಭಂಗಿಯನ್ನು ಪ್ರಶ್ನಿಸುವ ಭಂಗಿ

ಹಳೆಯ ಚಿತ್ರವನ್ನು ಮರುಸೃಷ್ಟಿಸುವ ಕೆಲಸವನ್ನು ಕನ್ನಡನಾಡಿನಲ್ಲಿ ಅತ್ಯಂತ ಗಂಭೀರವಾಗಿ ಮಾಡಿದವರು ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆ ಓದಿದವರು, 1990ರ ದಶಕದ ಮಧ್ಯದಿಂದ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. 'ಫ್ಯಾಂಟಮ್ ಲೇಡಿ' ಸರಣಿಯಲ್ಲಿ ಸಾಹಸ ಚಿತ್ರಗಳ ನಟಿ ಫಿಯರ್‌ಲೆಸ್ ನಾದಿಯಾ ಅವರನ್ನು ನೆನಪಿಸುವ ಮುಖವಾಡದ ನಾಯಕಿಯಾದರು. 'ನವರಸ' ಸರಣಿಗೆ ಮುಂಬಯಿಯ ಇಂಡಿಯಾ ಫೋಟೋ ಸ್ಟುಡಿಯೋದ ಜೆ. ಎಚ್. ಠಕ್ಕರ್ ಅವರ ಬಳಿಗೇ ಹೋದರು. ಹಿಂದಿ ಸಿನಿಮಾ ತಾರೆಯರ ಕಪ್ಪುಬಿಳುಪು ಭಾವಚಿತ್ರಗಳನ್ನು ತೆಗೆದು ಹೆಸರಾದವರು ಅವರು. ಅಂದರೆ ಹಳೇ ಶೈಲಿಯ ನಕಲಿಗೆ ಹಳೇ ಕೈಯನ್ನೇ ಹುಡುಕಿಕೊಂಡು ಹೋದದ್ದು.

ನನಗೆ ಮುಖ್ಯವಾದದ್ದು 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಮಾಡಿದ, ದಕ್ಷಿಣ ಭಾರತದ ಸ್ಥಳೀಯ ಹೆಂಗಸರು ಮತ್ತು ಅವರ ರೀತಿರಿವಾಜು ಎಂಬ ಅರ್ಥದ ಶೀರ್ಷಿಕೆಯ ಸರಣಿ. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳಲ್ಲಿ ಕೂತ ಹೆಂಗಸು ಇದ್ದಾಳೆ, ದಖ್ಖನಿ ಚಿತ್ರದ ಯೋಗಿನಿ ಇದ್ದಾಳೆ, ತಮಿಳು ಸಿನಿಮಾದಲ್ಲಿ ಚಾಟಿ ಹಿಡಿದ ನಾಯಕಿ ಇದ್ದಾಳೆ. ಎಲ್ಲರೂ ಪುಷ್ಪಮಾಲಾ ಅವರೇ.

ಅದೇ ಸಾಲಿನಲ್ಲಿ ಇನ್ನೊಂದು ಚಿತ್ರ ಇದೆ. ತೋಡ ಹೆಂಗಸಿನಂತೆ ನಿಂತ ಅವರ ಹಿಂದೆ ಚೌಕುಳಿ ಹಲಗೆ. ಯಾಕೆ ಚೌಕುಳಿ? 19ನೇ ಶತಮಾನದಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞರು ಜನರನ್ನು ಅಳತೆಯ ಚೌಕಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು, ಮೈಯಳತೆ ಲೆಕ್ಕ ಹಾಕೋಕೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಬಂತು. ನಮ್ಮ ಭಾಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಜಾತಿ ಬುಡಕಟ್ಟುಗಳ ಏಳು ಸಂಪುಟ ಪ್ರಕಟಿಸಿದರು. ಅಂಥ ಫೋಟೋಗಳಲ್ಲಿ ನಿಂತವರಿಗೆ ಹೇಗೆ ನಿಲ್ಲಬೇಕು ಅನ್ನೋ ಆಯ್ಕೆ ಇರಲಿಲ್ಲ, ಚಿತ್ರ ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಿರಲಿಲ್ಲ.

ಲಕ್ಷ್ಮಿಯನ್ನೂ ಸಿನಿಮಾ ನಾಯಕಿಯನ್ನೂ ಅಳತೆಗೆ ನಿಂತ ಹೆಂಗಸನ್ನೂ ಒಂದೇ ಸರಣಿಯಲ್ಲಿಟ್ಟು ಪುಷ್ಪಮಾಲಾ ಹೇಳೋದೇನು? ನನ್ನ ಓದು ಹೀಗಿದೆ: ಮೂರರಲ್ಲೂ ಒಬ್ಬ ಹೆಣ್ಣನ್ನು ಒಂದು 'ಮಾದರಿ' ಮಾಡಲಾಗಿದೆ. ಒಂದು ಪೂಜೆಗೆ, ಒಂದು ಆಸೆಗೆ, ಒಂದು ಲೆಕ್ಕಕ್ಕೆ. ಆ ಮಾದರಿಯೊಳಗೆ ತಾನೇ ಹೊಕ್ಕು, ಇದು ವೇಷ ಎಂಬುದನ್ನು ಕಾಣಿಸುವುದು ಅವರ ವಿಧಾನ. ಸೆಟ್ಟು ಹಾಕುವ, ಪರದೆ ಕಟ್ಟುವ ತಯಾರಿಯ ಫೋಟೋಗಳನ್ನೂ ಆ ಯೋಜನೆಯ ಭಾಗವಾಗಿಯೇ ಅವರು ತೋರಿಸಿದರು. ಜೋಯಿ ಮೊಜರ್ಟ್ ಕನ್ನಡಿ ಇಟ್ಟುಕೊಂಡು ಚಂದದ ಚಿತ್ರ ಬರೆದರು. ಪುಷ್ಪಮಾಲಾ ಆ ಕನ್ನಡಿಯನ್ನೇ ತೋರಿಸಿದರು.

5. ಖಾಲಿ ಸ್ಲೈಡು

ಈಗ ನಿಮ್ಮ ಪರದೆ ಮೇಲೆ ಖಾಲಿ ಸ್ಲೈಡ್ ಕಾಣ್ತಾ ಇರಬೇಕು. ತಾಂತ್ರಿಕ ತೊಂದರೆ ಅಲ್ಲ. ಇಲ್ಲಿ ನಮ್ಮ ದೊಡ್ಡವ್ವನ ಒಂದು ಫೋಟೋ ಇರಬೇಕಿತ್ತು.

ಮೊಮ್ಮಗಳ ರೆಟ್ರೋ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಾಗ ದೊಡ್ಡವ್ವ ಬೈತಾರೆ ಅಂದ್ಕೊಂಡಿದ್ವಿ. ಬೈಲಿಲ್ಲ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, "ರವಿಕೆ ಹೊಲಿಗಿ ಸರಿ ಬಂದಿಲ್ಲ" ಅಂದರು. ಆಮೇಲೆ ಒಳಗೆ ಹೋಗಿ, ನಾವು ಶೂಟ್‌ಗೆ ಬಳಸಿದ್ದ ಅದೇ ಟ್ರಂಕಿನ ತಳದ ಕಾಗದ ಎತ್ತಿ ಒಂದು ಫೋಟೋ ತಂದರು. 1976. ಬಳ್ಳಾರಿಯಲ್ಲಿ ಹೊಲಿಗೆ ಕಲಿಯೋಕೆ ಹೋಗಿದ್ದ ಕಾಲ. ತಾನೇ ಹೊಲಿದ ತೋಳಿಲ್ಲದ ರವಿಕೆ, ಹಿಂದೆ ಬಣ್ಣದ ಪರದೆಯಲ್ಲಿ ಬರೆದ ಮೆಟ್ಟಿಲು ಮತ್ತು ಹೂದಾನಿ, ಕೈಯಲ್ಲಿ ತಂತಿಯಿಲ್ಲದ ಟೆಲಿಫೋನು, ಭುಜದ ಮೇಲಿಂದ ಹಿಂದಿರುಗಿ ನೋಡುವ ನೋಟ. ಬೆಟ್ಟಿ ಗ್ರೇಬಲ್ ಹೆಸರು ಅವರು ಕೇಳಿರೋಕೆ ಸಾಧ್ಯವಿಲ್ಲ. "ಯಾವ ಸಿನಿಮಾ ನೋಡಿ ನಿಂತ್ಕಂಡ್ರಿ ದೊಡ್ಡವ್ವ?" ಅಂತ ಕೇಳಿದೆ. "ಸಿನಿಮಾ ಯಾವ್ದೋ. ರವಿಕೆ ಹಿಂದ್ಗಡೆ ಹೊಲಿಗಿ ಕಾಣ್ಲಿ ಅಂತ ತಿರುಗಿದ್ದೆ" ಅಂದರು.

ಎರಡು ಪ್ರತಿಗೆ ದುಡ್ಡು ಕೊಟ್ಟಿದ್ದರಂತೆ. ಸ್ಟುಡಿಯೋದವರು ಮೂರನೆಯದನ್ನು ದೊಡ್ಡದು ಮಾಡಿ ಬೀದಿ ಕಡೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಊರಿನಿಂದ ಬಂದಿದ್ದ ಸೋದರಮಾವ ಅದನ್ನು ನೋಡಿದರು. ಹೊಲಿಗೆ ಕ್ಲಾಸು ಆ ವಾರವೇ ನಿಂತಿತು. ಒಂದು ಪ್ರತಿ ಹರಿದು ಒಲೆಗೆ ಹೋಯ್ತು. ಆರು ತಿಂಗಳಿಗೆ ಮದುವೆ. ಉಳಿದ ಪ್ರತಿ ಟ್ರಂಕಿನ ತಳದಲ್ಲಿ.

ನಾನು ಪೆದ್ದು ಪ್ರಶ್ನೆ ಕೇಳಿದೆ: "ಹಾಗೆ ನಿಂತದ್ದಕ್ಕೆ ಆಮೇಲೆ ಬೇಜಾರಾಯ್ತಾ?" ದೊಡ್ಡವ್ವ ಹೇಳಿದ್ದನ್ನು ಹಾಗೆಯೇ ಕೊಡ್ತೀನಿ, ಅವರ ಅನುಮತಿ ಇದೆ. "ನಾ ಹೆಂಗ ನಿಂತಿದ್ದೆ ಅನ್ನಾದಕ್ಕೆ ನಂಗೇನು ನಾಚಿಕಿಲ್ಲ. ನನ್ನ ಒಂದು ಮಾತು ಕೇಳ್ದೆ ಬೀದಿಗಿಟ್ರಲ್ಲ, ಅದು." ಸ್ವಲ್ಪ ಹೊತ್ತು ಬಿಟ್ಟು ಮೊಮ್ಮಗಳ ಕಡೆ ನೋಡಿ, "ಅದ್ಸರಿ, ಈ ಫೋಟ ಎಲ್ಲೆಲ್ಲಿ ಹೋಗ್ತಾವೆ? ಯಾರತ್ರ ಇರ್ತಾವೆ?" ಅಂದರು.

ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

6. ಚಿತ್ರ ಯಾರದು?

ಆ ರಾತ್ರಿ ನಾನು ಓದೋಕೆ ಕೂತದ್ದು ಕಲಾ ಇತಿಹಾಸವನ್ನಲ್ಲ, 1957ರ ಹಕ್ಕುಸ್ವಾಮ್ಯ ಕಾಯಿದೆಯನ್ನು. ಅದರ 17ನೇ ಕಲಮಿನಲ್ಲಿ ನಮಗೆ ಬೇಕಾದ ಮಾತಿದೆ. ಸಾಮಾನ್ಯ ನಿಯಮದಂತೆ ಫೋಟೋದ ಹಕ್ಕು ತೆಗೆದವರದು. ಆದರೆ ಒಬ್ಬರು ಹಣ ಕೊಟ್ಟು ತಮ್ಮ ಕೋರಿಕೆಯಂತೆ ತೆಗೆಸಿಕೊಂಡ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ.

ಇದನ್ನು ಎರಡು ತಲೆಮಾರಿಗೆ ಅನ್ವಯಿಸಿ ನೋಡಿ. 1976ರಲ್ಲಿ ದುಡ್ಡು ಕೊಟ್ಟ ದೊಡ್ಡವ್ವನಿಗೆ ಕಾನೂನಿನ ಪ್ರಕಾರ ಆ ಫೋಟೋದ ಹಕ್ಕು ಇತ್ತು, ಹಾಗಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಈಗ ಕಾಲೇಜು ಓದಿದ, ಕೈಯಲ್ಲಿ ಮೊಬೈಲ್ ಇರುವ ಮೊಮ್ಮಗಳು ಪುಕ್ಕಟೆ ಶೂಟ್‌ಗೆ ಒಪ್ಪಿಕೊಂಡಳು. ಪುಕ್ಕಟೆ ಆದ್ದರಿಂದಲೇ ಹಕ್ಕು ಛಾಯಾಗ್ರಾಹಕರಿಗೆ ಹೋಯ್ತು! ಇಂಥ ಥೀಮ್ ಶೂಟ್‌ಗಳು ಹೆಚ್ಚಾಗಿ ನಡೆಯೋದು ಈ ವಿನಿಮಯದ ಮೇಲೆ, ಬಾಯಿಮಾತಿನಲ್ಲಿ. ಗಾಜಿನ ಪೆಟ್ಟಿಗೆಯಿಂದ ಫೋಟೋ ತೆಗೆಸೋಕೆ ಒಬ್ಬರು ಬಳ್ಳಾರಿಗೆ ಹೋಗಿ ಜಗಳ ಮಾಡಬಹುದಿತ್ತು. ಈಗ ಎಲ್ಲಿಗೆ ಹೋಗೋದು?

ಹಕ್ಕುಸ್ವಾಮ್ಯ ಒಂದೇ ಸಾಲದು ಅನ್ನೋದೂ ನಿಜ. 2017ರ ಆಗಸ್ಟ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿತು. ಆದರೆ ಮಾಳಿಗೆ ಮೇಲಿನ ಒಂದು ಶೂಟ್‌ಗೆ ಸುಪ್ರೀಂ ಕೋರ್ಟಿಗಿಂತ ಮೊದಲು ಬೇಕಾಗೋದು ಒಂದು ಹಾಳೆ ಕಾಗದ.

ನಾವು ಅದನ್ನೇ ಬರೆದೆವು. ಒಂದು ಪುಟ, ಒಂದು ಕಡೆ ಕನ್ನಡ, ಹಿಂಬದಿ ತೆಲುಗು. ಮೂರೇ ಅಂಶ: ಪ್ರಕಟಿಸುವ ಪ್ರತಿ ಫೋಟೋವನ್ನೂ ಮೊದಲು ಅವಳಿಗೆ ತೋರಿಸಬೇಕು, ಮೈಬಣ್ಣ ಮೈಯಾಕಾರ ತಿದ್ದಬಾರದು, ಆರಿಸದ ಮೂಲ ಫೈಲುಗಳನ್ನು ಅಳಿಸಬೇಕು. ಛಾಯಾಗ್ರಾಹಕರು ಮೊದಲು ನಕ್ಕರು, ಆಮೇಲೆ ಮೊದಲ ಎರಡಕ್ಕೆ ಸಹಿ ಹಾಕಿದರು. ಮೂರನೆಯದಕ್ಕೆ ಒಪ್ಪಲಿಲ್ಲ, "ನನ್ನ ಕೆಲಸ ನಾನ್ಯಾಕೆ ಅಳಿಸಲಿ" ಅಂದರು. ಅವರ ಮಾತಿನಲ್ಲೂ ನ್ಯಾಯ ಇಲ್ಲದಿಲ್ಲ, ಬೆಳಗಿನ ಐದು ಗಂಟೆಗೆ ಎದ್ದು ಬಂದವರು ಅವರೂ ಹೌದು. ಕೊನೆಗೆ ನಾಲ್ಕು ಫೋಟೋ ಪ್ರಕಟ ಆದವು, ಅವಳದೇ ಬಣ್ಣದಲ್ಲಿ. ಉಳಿದವು ಇವತ್ತಿಗೂ ಅವರ ಹಾರ್ಡ್‌ಡಿಸ್ಕಿನಲ್ಲಿವೆ. ಪೂರ್ತಿ ಗೆದ್ದೆವು ಅಂತ ನಾನು ಹೇಳಲಾರೆ. ಕಾಗದವನ್ನು ಶೂಟ್ ಆದ ಮೇಲೆ ಬರೆದದ್ದು ನಮ್ಮ ತಪ್ಪು, ಮೊದಲೇ ಬರೆಯಬೇಕಿತ್ತು.

ಚರ್ಚೆ

ಸಂಕಿರಣದಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮೊದಲನೆಯದು ಅಧ್ಯಾಪಕರೊಬ್ಬರದು: ಹೆಣ್ಣು ತಾನಾಗಿ ಒಪ್ಪಿಕೊಂಡ ಮಾತ್ರಕ್ಕೆ ಪಿನ್-ಅಪ್ ಭಂಗಿ ನಿರ್ದೋಷ ಆಗುತ್ತದೆಯೇ? ಆಗೋದಿಲ್ಲ ಮೇಡಂ. ಉದ್ದ ಕಾಲು, ಸಣ್ಣ ಸೊಂಟ, ಬಿಳಿ ಮೈ ಎಂಬ ಅಚ್ಚು ನಾವು ಒಪ್ಪಿದರೂ ಅಚ್ಚೇ. ಒಪ್ಪಿಗೆ ಆ ಅಚ್ಚನ್ನು ಮುರಿಯಲ್ಲ. ಆದರೆ ಒಪ್ಪಿಗೆಯನ್ನೇ ಕೇಳದ ಕಡೆ ಅಚ್ಚಿನ ಬಗ್ಗೆ ಮಾತಾಡೋಕೂ ಅವಕಾಶ ಸಿಗಲ್ಲ. "ಇದು ನಾನಲ್ಲ" ಅಂತ ನಮ್ಮ ಹುಡುಗಿ ಹೇಳಲು ಸಾಧ್ಯವಾದದ್ದು ಫೋಟೋ ಪ್ರಕಟವಾಗುವ ಮೊದಲು ಅವಳ ಕೈಗೆ ಬಂದದ್ದರಿಂದ.

ಎರಡನೆಯದು: ಊರಿನವರು ಏನಂದರು? ಕೆಲವರು ಮೆಚ್ಚಿದರು, ಕೆಲವರು ಆಡಿಕೊಂಡರು. ಅವಳ ಅಪ್ಪ ಒಂದು ವಾರ ಮಾತಾಡಲಿಲ್ಲ. ದೊಡ್ಡವ್ವ ಮಗನನ್ನು ಕರೆದು ಏನೋ ಹೇಳಿದರು, ಏನು ಹೇಳಿದರು ಅಂತ ಇಬ್ಬರೂ ನಮಗೆ ಹೇಳಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕಂಡುಬರುವುದಿಷ್ಟು. ಥೀಮ್ ಶೂಟ್‌ನಲ್ಲಿ ನಾವು ಸಾಮಾನ್ಯವಾಗಿ ಚರ್ಚಿಸುವುದು ಉಡುಗೆ ಎಷ್ಟು, ಭಂಗಿ ಎಂಥದು ಎಂಬುದನ್ನು. ಆದರೆ ಅಳತೆಯ ಚೌಕಗಳ ಮುಂದೆ ನಿಂತವಳಿಗೆ ಆದ ಅನ್ಯಾಯ, ತೋಳಿಲ್ಲದ ರವಿಕೆಯಲ್ಲಿ ತಾನಾಗಿ ತಿರುಗಿ ನಿಂತವಳಿಗೆ ಕ್ಯಾಮೆರಾ ಎದುರು ಆಗಿರಲಿಲ್ಲ. ಅದು ಆದದ್ದು ಗಾಜಿನ ಪೆಟ್ಟಿಗೆಯಲ್ಲಿ. ಆದ್ದರಿಂದ ಪಿನ್-ಅಪ್ ಎಂಬ ಪದದಲ್ಲಿ ನಾವು ಗಮನಿಸಬೇಕಾದದ್ದು ಚಿತ್ರವನ್ನಷ್ಟೇ ಅಲ್ಲ, ಪಿನ್ನು ಯಾರ ಕೈಯಲ್ಲಿದೆ ಎಂಬುದನ್ನೂ.

ಇದು ಸಂಶೋಧನೆಯ ವಿಷಯವಾ ಅಂತ ಕೇಳಿದ ಸಹಪಾಠಿಗೆ ನನ್ನ ಉತ್ತರ ಇದೇ. ನಮ್ಮ ವಿಭಾಗಗಳಲ್ಲಿ ಹಳೇ ಫೋಟೋಗಳನ್ನು 'ಆಕರ' ಅಂತ ಸಂಗ್ರಹಿಸ್ತೀವಿ, ಸ್ಕ್ಯಾನ್ ಮಾಡ್ತೀವಿ, ಸ್ಲೈಡಿಗೆ ಹಾಕ್ತೀವಿ. ಅಲ್ಲಿ ಪಿನ್ನು ನಮ್ಮ ಕೈಯಲ್ಲೇ ಇದೆ.

ಈ ಪ್ರಬಂಧಕ್ಕೆ ಫೋಟೋ ಬಳಸಬಹುದಾ ಅಂತ ದೊಡ್ಡವ್ವನನ್ನು ಕೇಳಿದೆ. "ಕತಿ ಬೇಕಾದ್ರೆ ಹೇಳು. ಫೋಟ ಬ್ಯಾಡ. ಅದು ನಂದು" ಅಂದರು. ಅದಕ್ಕೇ ಆ ಸ್ಲೈಡ್ ಖಾಲಿ ಇದೆ. ಫೋಟೋ ಮತ್ತೆ ಟ್ರಂಕಿನೊಳಗೆ ಹೋಗಿದೆ, ಆದರೆ ಈಗ ಕಾಗದದ ಕೆಳಗಲ್ಲ, ಮೇಲಿದೆ.

ನನ್ನ ಕಡೆ ಕರೆಂಟ್ ಹೋಯ್ತು, ಇಲ್ಲಿಗೆ ನಿಲ್ಲಿಸ್ತೀನಿ.